ಎಣ್ಣೆ ಮುಟ್ಟದ ಹುಡುಗಿಯರು

ಭಾನುಪ್ರಿಯಾ ಬಿದ್ದು ಕಾಲು ಮುರಿದುಕೊಂಡವಳಲ್ಲ. ಕಾಲು ಮುರಿದ ಮೇಲೆ ಬಿದ್ದವಳು. ಅರಸೀಕೆರೆಯ ರೈಲ್ವೆ ಗೇಟಿನಾಚೆ ದೇವೀರಪ್ಪ ಸರ್ ನಡೆಸುತ್ತಿದ್ದ ಓಟದ ಶಿಬಿರದಲ್ಲಿ ಬೆಳಗಿನ ಅಭ್ಯಾಸ ಮುಗಿಯುತ್ತ ಬಂದಿತ್ತು. ಕೊನೆಯ ಸುತ್ತಿನ ತಿರುವಿನಲ್ಲಿ ಅವಳ ಬಲ ಮೊಣಕಾಲಿನ ಕೆಳಗೆ, ಒಳಗಿನಿಂದ, ಏನೋ ಟಕ್ಕೆಂದಿತು. ಮುಂದಿನ ಹೆಜ್ಜೆ ಊರಲು ಹೋದರೆ ಕಾಲೇ ತನ್ನದಲ್ಲ ಅನ್ನಿಸಿತು. ಕೆಮ್ಮಣ್ಣಿನ ಮೇಲೆ ಬೋರಲಾಗಿ ಬಿದ್ದಳು.

"ಏಳು, ಏಳು. ಸೆಳೆತ ಅಷ್ಟೆ," ಎಂದು ದೇವೀರಪ್ಪ ಸರ್ ಮೈದಾನದ ಆ ಕಡೆಯಿಂದ ಕೂಗಿದರು.

ಅವಳು ಎದ್ದಳು. ಎದ್ದು, ಕಾಲೂರಿ, ಮತ್ತೆ ಬಿದ್ದಳು.

ಆ ಜಾಗದಲ್ಲಿ ನೋವು ಶುರುವಾಗಿ ವಾರಗಳೇ ಆಗಿದ್ದವು. ಮೊದಲು ಓಡುವಾಗ ಮಾತ್ರ ಇರುತ್ತಿದ್ದದ್ದು, ಆಮೇಲೆ ನಡೆಯುವಾಗಲೂ ಬಂತು, ಕೊನೆಗೆ ಸುಮ್ಮನೆ ಮಲಗಿದಾಗಲೂ ಕಾಡತೊಡಗಿತು. ಒಮ್ಮೆ ಹೇಳಿಕೊಂಡಿದ್ದಳು. "ನೋವು ಇಲ್ಲದ ಓಟಗಾರ್ತಿ ಯಾರಿದ್ದಾಳೆ ತೋರಿಸು," ಎಂದಿದ್ದರು ಸರ್. ಅವಳು ತೋರಿಸಲಿಲ್ಲ. ಕಾಲಿಗೆ ಬಟ್ಟೆ ಬಿಗಿದುಕೊಂಡು ಓಡಿದಳು.

ದೇವೀರಪ್ಪ ಸರ್ ಕೆಟ್ಟ ಮನುಷ್ಯರೇನಲ್ಲ. ಒಂದು ಕಾಲಕ್ಕೆ ರಾಜ್ಯಕ್ಕಾಗಿ ಓಡಿದವರು. ದೇಶದ ತಂಡಕ್ಕೆ ಆಯ್ಕೆಯಾಗುವ ಓಟದಲ್ಲಿ ಕೂದಲೆಳೆಯಷ್ಟರಲ್ಲಿ ಹಿಂದೆ ಬಿದ್ದಿದ್ದರು. ಮೈಭಾರವೇ ತನ್ನನ್ನು ಹಿಂದಕ್ಕೆಳೆಯಿತು ಎಂದು ನಂಬಿದ್ದರು. ಆ ನಂಬಿಕೆ ಶಿಬಿರದ ಅಡುಗೆಮನೆಗೆ ಕಾನೂನಾಗಿ ಬಂದಿತ್ತು. 'ಕೊಬ್ಬು ಕಾಲಿಗೆ ಕಟ್ಟಿದ ಕಲ್ಲು' ಎಂದು ಊಟದ ಕೋಣೆಯ ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ ಬರೆಸಿದ್ದರು. ಮುದ್ದೆ, ಒಗ್ಗರಣೆಯಿಲ್ಲದ ಸೊಪ್ಪಿನ ಸಾರು, ಬೇಯಿಸಿದ ಕಾಳು, ಅಳತೆಯ ಅನ್ನ. ತುಪ್ಪ, ಕಡಲೆಕಾಯಿ, ಕೊಬ್ಬರಿ, ಕೆನೆಹಾಲು ಯಾವುದೂ ಇಲ್ಲ. ಸಾಸಿವೆ ಚಟಪಟ ಅಂದದ್ದನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಸುತ್ತ ಎಲ್ಲಿ ನೋಡಿದರೂ ತೆಂಗಿನ ತೋಟ, ಪೇಟೆ ತುಂಬ ಕೊಬ್ಬರಿ ಮಂಡಿ. ಅದರ ನಡುವೆ ಈ ಹುಡುಗಿಯರು ಒಂದು ತುಣುಕು ಕಾಯಿ ಬಾಯಿಗಿಟ್ಟರೆ ಮರುದಿನ ಎರಡು ಸುತ್ತು ಹೆಚ್ಚಿಗೆ ಓಡಬೇಕಿತ್ತು. ಸರ್ ಕೂಡ ಅದೇ ಊಟ ಮಾಡುತ್ತಿದ್ದರು. ಅದಕ್ಕೇ ಯಾರಿಗೂ ಎದುರಾಡಲು ಬಾಯಿ ಬರುತ್ತಿರಲಿಲ್ಲ.

ಒಂದು ಸಲ ಭಾನುವಿನ ಅವ್ವ ವೆಂಕಟಲಕ್ಷ್ಮಮ್ಮ ಜಾವಗಲ್‌ನಿಂದ ಬಂದವಳು, ಹೊಲದಲ್ಲಿ ಬೆಳೆದ ಹುಚ್ಚೆಳ್ಳು ಹುರಿದು ಕುಟ್ಟಿದ ಚಟ್ನಿಪುಡಿಯ ಡಬ್ಬಿ ಕೊಟ್ಟು ಹೋಗಿದ್ದಳು. ಸರ್ ಅದನ್ನು ಎಲ್ಲರ ಮುಂದೆ ಬಿಚ್ಚಿ ಮೂಸಿದರು. "ಇದು ಪುಡಿಯಲ್ಲ ಕಣ್ರಮ್ಮಾ, ಗಟ್ಟಿ ಮಾಡಿದ ಎಣ್ಣೆ," ಎನ್ನುತ್ತ ಕಸದ ಬುಟ್ಟಿಗೆ ಸುರಿದರು. ಹುಡುಗಿಯರು ನಕ್ಕರು. ಭಾನುವೂ ನಕ್ಕಳು.

ಈಗ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಅರಸೀಕೆರೆಯ ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ಬ್ರಾಹ್ಮಿ. ಶಿಬಿರದಲ್ಲಿ ಭಾನುವಿನ ಕೋಣೆಯವಳು, ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ಜೈನರ ಹುಡುಗಿ, ಅವಳಿಗಿಂತ ಚಿಕ್ಕವಳು, ಅವಳಿಗಿಂತ ಜೋರಾಗಿ ಓಡುವವಳು. ಫೋನ್ ಹೋದ ಕೂಡಲೇ ವೆಂಕಟಲಕ್ಷ್ಮಮ್ಮ ಸಿಕ್ಕಿದ ಬಸ್ಸು ಹತ್ತಿ ಬಂದಳು.

ಡಾಕ್ಟರ್ ಉಷಾರಾಣಿ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಯಾವುದಕ್ಕಾದ್ರೂ ಬಡಿದುಕೊಂಡ್ಯಾ?"

"ಇಲ್ಲ ಮೇಡಂ. ಸುಮ್ನೆ ಓಡ್ತಿದ್ದೆ."

"ಊಟ ಏನು ಮಾಡ್ತೀಯಾ ದಿನಾ?"

ಭಾನು ಹೇಳಿದಳು. ಎಣ್ಣೆ ಮುಟ್ಟಲ್ಲ ಎಂಬುದನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಳು.

"ಮುಟ್ಟು ಸರಿಯಾಗಿ ಆಗ್ತಿದೆಯಾ?"

ವೆಂಕಟಲಕ್ಷ್ಮಮ್ಮ ಮಗಳ ಮುಖ ನೋಡಿದಳು. ಭಾನು ನೆಲ ನೋಡಿದಳು. "ಹೋದ ದೀಪಾವಳಿಗೆ ಮುಂಚೆ ಒಂದ್ಸಲ ಆಗಿತ್ತು. ಆಮೇಲೆ ಇಲ್ಲ."

"ಅಯ್ಯೋ ನನ್ನವ್ವ, ಹೇಳೋದಲ್ವೇನೇ!"

"ಕ್ಯಾಂಪಲ್ಲಿ ಅರ್ಧ ಜನಕ್ಕೆ ಹಂಗೇ ಕಣವ್ವ. ದೊಡ್ಡ ಹುಡುಗೀರು ಅದೃಷ್ಟ ಅಂತಿದ್ರು. ಪ್ರಾಕ್ಟೀಸ್ ತಪ್ಪಲ್ಲ ಅಂತ."

ಬಾಗಿಲ ಹತ್ತಿರ ನಿಂತಿದ್ದ ಬ್ರಾಹ್ಮಿ ಈಚೆ ನೋಡಲಿಲ್ಲ.

ಉಷಾರಾಣಿ ಕುರ್ಚಿ ಹತ್ತಿರ ಎಳೆದುಕೊಂಡು ಕೂತರು. "ನೋಡಮ್ಮ, ಮೂಳೆ ಅಂದ್ರೆ ಕಲ್ಲಲ್ಲ. ದಿನಾ ಸವೆಯುತ್ತೆ, ದಿನಾ ಕಟ್ಟಿಕೊಳ್ಳುತ್ತೆ. ನಿನ್ನಷ್ಟು ಓಡೋರಿಗೆ ಜಾಸ್ತಿ ಸವೆಯುತ್ತೆ, ಅದಕ್ಕೆ ಜಾಸ್ತಿ ಕಟ್ಟಬೇಕು. ಊಟ ಸಾಲದೆ, ಮೈಯಲ್ಲಿ ಕೊಬ್ಬು ತೀರಾ ಇಳಿದುಹೋದ್ರೆ ದೇಹ ಮೊದಲು ಮುಟ್ಟು ನಿಲ್ಲಿಸುತ್ತೆ. ಮೂಳೆ ಕಾಯೋ ಹಾರ್ಮೋನೂ ಅದರ ಜೊತೆಗೇ ಇಳಿಯುತ್ತೆ. ಈ ವಯಸ್ಸಲ್ಲಿ ಮೂಳೆ ಗಟ್ಟಿ ಆಗಬೇಕಿತ್ತು. ನಿಂದು ವಯಸ್ಸಾದವರ ಹಾಗೆ ಆಗ್ತಾ ಇದೆ."

"ರಾಗಿ ತಿಂತಾಳಲ್ಲ ಮೇಡಂ. ರಾಗೀಲಿ ಸುಣ್ಣದ ಅಂಶ ಐತೆ ಅಂತಾರೆ," ಎಂದಳು ವೆಂಕಟಲಕ್ಷ್ಮಮ್ಮ.

"ಇದೆ. ಆದ್ರೆ ಅದು ಮೈಗೆ ಸೇರಬೇಕಾದ್ರೆ ಡಿ ವಿಟಮಿನ್ ಬೇಕು. ಆ ವಿಟಮಿನ್ ಕರಗೋದು ಕೊಬ್ಬಲ್ಲಿ. ಮಾತ್ರೆ ನುಂಗಿದ್ರೂ ಅಷ್ಟೆ, ಊಟದಲ್ಲಿ ಎಣ್ಣೆನೋ ತುಪ್ಪನೋ ಒಂಚೂರು ಇರಬೇಕು, ಇಲ್ಲಾಂದ್ರೆ ಸರಿಯಾಗಿ ಹತ್ತಲ್ಲ. ಹಾಗಂತ ಬೋಂಡ ಬಜ್ಜಿ ತಿನ್ನು ಅಂತಿಲ್ಲ. ಕಾಯಿಸಿದ ಎಣ್ಣೆನೇ ಮತ್ತೆ ಮತ್ತೆ ಕಾಯಿಸೋದು ಯಾರಿಗೂ ಒಳ್ಳೇದಲ್ಲ. ಕಡಲೆಕಾಯಿ ಎಣ್ಣೆ ಒಗ್ಗರಣೆ, ಎಳ್ಳು, ಹುಚ್ಚೆಳ್ಳು, ಹಾಲು, ಮೊಸರು, ಮೊಟ್ಟೆ. ಮುಖ್ಯ, ಹೊಟ್ಟೆ ತುಂಬ ಊಟ."

ಹುಚ್ಚೆಳ್ಳು ಅಂದಾಗ ಭಾನುವಿಗೆ ಕಸದ ಬುಟ್ಟಿ ಕಣ್ಣಿಗೆ ಬಂತು. ಕಾಲಿನ ನೋವಿಗೆ ಬರದಿದ್ದ ಅಳು ಆಗ ಬಂತು.

ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು, ಊರುಗೋಲು ಹಿಡಿದು, ಬಟ್ಟೆಬರೆ ತರಲು ಶಿಬಿರಕ್ಕೆ ಹೋದಳು. ದೇವೀರಪ್ಪ ಸರ್ ವರಾಂಡದಲ್ಲಿ ಕಾದಿದ್ದರು. ನಿಜವಾಗಿಯೂ ಬೇಸರಗೊಂಡಿದ್ದರು.

"ಕೆಲವರ ಮೂಳೆ ಹುಟ್ಟಿನಿಂದಲೇ ಮೆತ್ತಗೆ ಇರುತ್ತಮ್ಮ. ಏನು ಮಾಡೋಕಾಗುತ್ತೆ? ವಾಸಿ ಮಾಡ್ಕೊಂಡು ಬಾ, ಆಮೇಲೆ ನೋಡೋಣ."

"ಡಾಕ್ಟ್ರು ಹುಟ್ಟಿನಿಂದ ಅನ್ನಲಿಲ್ಲ ಸರ್. ಊಟ ಅಂದ್ರು. ಎಣ್ಣೆ ಇಲ್ಲದ ಊಟ, ಸಾಲದ ಊಟ."

"ಆ ಡಾಕ್ಟ್ರು ಯಾವತ್ತು ಟ್ರ್ಯಾಕ್ ಮೇಲೆ ಓಡಿದ್ದಾರಂತೆ?" ಸರ್ ಧ್ವನಿ ತಗ್ಗಿಸಿದರು. "ನೋಡು, ಉಳಿದ ಹುಡುಗೀರ ತಲೆ ಕೆಡಿಸಬೇಡ. ಬೇಸಿಗೆ ಕಳೆದ ಕೂಡಲೇ ಹಳೇಬೀಡಿನ ಓಟ ಇದೆ. ಬಾಯಿ ಮುಚ್ಚಿಕೊಂಡಿದ್ರೆ ನಿನಗೂ ಒಳ್ಳೇದು."

ಸರ್ ಎಂದರೆ ದೇವರು ಎಂದು ತಿಳಿದಿದ್ದ ಹುಡುಗಿ ಅವಳು. ಅವರ ಮುಂದೆ ದನಿ ಏರಿಸಿದವಳೇ ಅಲ್ಲ. ಆದರೆ ಕಂಕುಳಲ್ಲಿ ಊರುಗೋಲು ಒತ್ತುತ್ತಿತ್ತು, ಪಕ್ಕದಲ್ಲಿ ಅವ್ವ ಟ್ರಂಕು ಹಿಡಿದು ನಿಂತಿದ್ದಳು.

"ನನ್ನ ಕಾಲು ಮುರಿದಿದ್ದು ಮೈದಾನದಾಗಲ್ಲ ಸರ್, ನಿಮ್ಮ ಅಡುಗೆಮನೇಲಿ," ಎಂದಳು.

"ಹಾಗಾದ್ರೆ ವಾಪಸ್ ಬರಬೇಡ," ಎಂದರು ದೇವೀರಪ್ಪ ಸರ್.

ಜಾವಗಲ್‌ನ ಮನೆಯಲ್ಲಿ ಮೊದಲ ಊಟಕ್ಕೇ ಅವಳಿಗೆ ಒಂದು ವಿಷಯ ಗೊತ್ತಾಯಿತು. ಸರ್‌ಗೆ ಎದುರು ಮಾತಾಡುವುದು ಸುಲಭ, ಒಳಗೆ ಕೂತಿರುವ ಸರ್‌ಗೆ ಎದುರು ಮಾತಾಡುವುದು ಕಷ್ಟ. ಅವ್ವ ಹೆಂಚಿನ ಮೇಲೆ ಎಣ್ಣೆ ಸವರಿ ದೋಸೆ ಹುಯ್ದಳು. ಆ ಚುಂಯ್ ಸದ್ದಿಗೆ ಭಾನು ತಟ್ಟೆಯನ್ನು ಹಿಂದಕ್ಕೆಳೆದುಕೊಂಡಳು. ಅಪ್ಪ ಗಿಡ್ಡಯ್ಯ ಎರಡು ತಿಂದು ಕೈತೊಳೆದರೂ ಅವಳ ತಟ್ಟೆಯಲ್ಲಿ ಮೊದಲನೆಯದೇ ತಣ್ಣಗೆ ಕೂತಿತ್ತು. ಅವ್ವ ಒಳಗೆ ಹೋದಾಗ ಅದನ್ನು ಮಡಚಿ ಕಿಟಕಿಯಾಚೆ ಎಸೆದಳು. ನಾಯಿ ಬಂದು ಅದನ್ನು ತಿನ್ನುವುದನ್ನು ಗಿಡ್ಡಯ್ಯ ಅಂಗಳದಿಂದ ನೋಡಿದ.

ಅವನು ಕಡಿಮೆ ಮಾತಿನ ಮನುಷ್ಯ. ತೋಟದ ಕೆಲಸ, ಸಂತೆಗೆ ಕಾಯಿ ಸಾಗಿಸುವುದು, ಇಷ್ಟೇ. ಒಳಗೆ ಬಂದು ಮಗಳ ಪಕ್ಕ ಕೂತ.

"ಯಾರಿಗ್ ಹೆದ್ರ್ಕಂಡ್ ಎಸೆದ್ಯವ್ವ? ನಿಮ್ ಮೇಷ್ಟ್ರು ಇಲ್ಲಿಲ್ವಲ್ಲ."

ಭಾನು ಖಾಲಿ ತಟ್ಟೆಯ ಅಂಚನ್ನು ಬೆರಳಿಂದ ಸವರಿದಳು.

"ನೀನು ಕ್ಯಾಂಪ್‌ಗೆ ಸೇರ್ತೀನಿ ಅಂದಾಗ ಊರೆಲ್ಲ ಬ್ಯಾಡ ಅಂತು. ಚಡ್ಡಿ ಹಾಕ್ಕಂಡು ಓಡ್ತಾಳೆ ಗಿಡ್ಡಯ್ಯನ ಮಗಳು ಅಂದ್ರು. ಆವಾಗ ನೀನು ಯಾರ ಮಾತೂ ಕೇಳಲಿಲ್ಲ. ಆ ಹುಡುಗಿ ಎಲ್ಲೋದ್ಲು?"

ಅವ್ವ ಇನ್ನೊಂದು ದೋಸೆ ತಂದು ಹಾಕಿದಳು, ಏನೂ ಕಾಣದವಳಂತೆ. ಭಾನು ಅದನ್ನು ಮುರಿದು ಬಾಯಿಗಿಟ್ಟಳು. ನುಂಗುವಾಗ ಕಣ್ಣು ಮುಚ್ಚಿದ್ದಳು. ತಪ್ಪು ಮಾಡುತ್ತಿದ್ದೇನೆ, ತಪ್ಪು ಮಾಡುತ್ತಿದ್ದೇನೆ ಎಂದು ಮೈಯೆಲ್ಲ ಕೂಗುತ್ತಿತ್ತು. ಮಾಡ್ತೀನಿ ಹೋಗು, ಎಂದು ಮನಸ್ಸಿನಲ್ಲೇ ಬೈದು ಇನ್ನೊಂದು ತುತ್ತು ಹಾಕಿಕೊಂಡಳು. ಹೀಗೆ ದಿನಾ ಹಟ ಹಿಡಿದು ತಿಂದಳು. ಒಗ್ಗರಣೆ ಹಾಕಿದ ಹುರುಳಿ ಸಾರು, ತುಪ್ಪ ಬಿಟ್ಟ ಮುದ್ದೆ, ಗಟ್ಟಿ ಮೊಸರು, ಬೇಯಿಸಿದ ಮೊಟ್ಟೆ. ಬೆಳಗಿನ ಬಿಸಿಲಲ್ಲಿ ಅಂಗಳದಲ್ಲಿ ಕಾಲು ಚಾಚಿ ಕೂರುತ್ತಿದ್ದಳು. ಕೆನ್ನೆ ತುಂಬಿಕೊಂಡಿತು. ಹಳೆಯ ಚೂಡಿದಾರ ಬಿಗಿಯಾಯಿತು. ಅವತ್ತು ಅತ್ತಳು, ಆದರೆ ಊಟ ಬಿಡಲಿಲ್ಲ. ಬೇಸಿಗೆ ಮುಗಿಯುವಷ್ಟರಲ್ಲಿ ನಿಂತಿದ್ದ ಮುಟ್ಟು ಮತ್ತೆ ಶುರುವಾಯಿತು. ಹೊಟ್ಟೆ ಹಿಡಿದುಕೊಂಡು ಮಲಗಿದ್ದ ಮಗಳನ್ನು ನೋಡಿ ವೆಂಕಟಲಕ್ಷ್ಮಮ್ಮ ನಕ್ಕಳು. ಹೊಟ್ಟೆನೋವಿಗೆ ಅಷ್ಟೊಂದು ಖುಷಿಪಟ್ಟ ತಾಯಿಯನ್ನು ಭಾನು ಹಿಂದೆ ಕಂಡಿರಲಿಲ್ಲ.

ಉಷಾರಾಣಿಯವರ ಹತ್ತಿರ ತೋರಿಸಲು ಹೋದಾಗ ಅವರು ಊರುಗೋಲು ತೆಗೆದಿಟ್ಟು, "ಎಲ್ಲಿ, ಬಲಗಾಲ ಮೇಲೆ ಒಂದ್ಸಲ ನೆಗೆ ನೋಡೋಣ," ಎಂದರು. ನೆಗೆದಳು. ನೋವಿರಲಿಲ್ಲ.

"ಕಣಕಾಲು ನೋವು ಅಂತ ಬರೋ ಓಟದ ಹುಡುಗೀರಿಗೆ ನಾನು ಮೊದಲು ಮಾಡಿಸೋದು ಇದನ್ನೇ," ಎಂದರು ಡಾಕ್ಟರು. "ನೆಗೆದಾಗ ಮೂಳೆಯ ಒಂದೇ ಜಾಗದಲ್ಲಿ ಚುಚ್ಚಿದ್ರೆ, ಸ್ಕ್ಯಾನ್ ಆಗೋವರೆಗೆ ಓಡೋ ಹಾಗಿಲ್ಲ. ನಿನಗೆ ಯಾರಾದ್ರೂ ಮೊದಲೇ ಮಾಡಿಸಿದ್ರೆ ಇಷ್ಟಾಗ್ತಿರಲಿಲ್ಲ."

ಆ ವಾರದಲ್ಲೇ ಬ್ರಾಹ್ಮಿ ಫೋನ್ ಮಾಡಿದಳು. ರಜೆಗೆ ಮನೆಗೆ ಬಂದಿದ್ದಳಂತೆ. ಅದೂ ಇದೂ ಮಾತಾಡಿ ಕೊನೆಗೆ ಕೇಳಿದಳು: "ಅಕ್ಕಾ, ನಿಂಗೆ ಮೊದಲು ನೋವು ಬಂದಾಗ ಎಲ್ಲಿ ಬಂದಿತ್ತು?"

"ಯಾಕೇ?"

"ಸುಮ್ನೆ ಕೇಳ್ದೆ."

ಭಾನು ಮರುದಿನ ಬೆಳಿಗ್ಗೆ ಹಳೇಬೀಡಿನ ಬಸ್ಸು ಹತ್ತಿದಳು.

ಬಸ್ತಿಹಳ್ಳಿಯಲ್ಲಿ ಬಸದಿಗಳಿಗೆ ಹೋಗುವ ದಾರಿಯಲ್ಲೇ ಬ್ರಾಹ್ಮಿಯ ಮನೆ. ತಂದೆ ವಿಮಲನಾಥರಿಗೆ ಹಳೇಬೀಡಿನ ಪೇಟೆಯಲ್ಲಿ ದಿನಸಿ ಅಂಗಡಿ. ತಾಯಿ ಜಿನಮತಿ ಭಾನುವನ್ನು ಕೂರಿಸಿ, ಒತ್ತುಶಾವಿಗೆಗೆ ಕಾಯಿಹಾಲು ಹಾಕಿ ಕೊಟ್ಟರು. ಬ್ರಾಹ್ಮಿಯ ಮುಂದೆ ಇದ್ದದ್ದು ಬರೀ ಸೌತೆಕಾಯಿ ಹೋಳು. ಅವಳ ಕತ್ತಿನ ಎಲುಬು ಎದ್ದು ಕಾಣುತ್ತಿತ್ತು. ಮೊದಲೇ ಅವರದು ಸೂರ್ಯ ಮುಳುಗುವುದರೊಳಗೆ ಊಟ ಮುಗಿಸುವ ಮನೆತನ. ಶಿಬಿರದಲ್ಲಿ ಅಷ್ಟು ಹೊತ್ತಿಗೆ ಅಡುಗೆ ಆಗುತ್ತಿರಲಿಲ್ಲ. ಹಿಡಿ ಬೇಯಿಸಿದ ಹೆಸರುಕಾಳು ತಿಂದು ಮಲಗುತ್ತಿದ್ದಳು. ಅದು ಭಾನುವಿಗೆ ಗೊತ್ತಿತ್ತು.

"ಅಂಕಲ್, ಇವಳನ್ನ ಓಡೋಕೆ ಬಿಡಬೇಡಿ. ಮೊದಲು ಡಾಕ್ಟ್ರಿಗೆ ತೋರಿಸಿ," ಎಂದಳು. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು.

ವಿಮಲನಾಥರು ಮುಖ ಸಣ್ಣಗೆ ಮಾಡಿಕೊಂಡರು. "ಭಾನುವಾರ ಓಟ ಇದೆಯಮ್ಮ, ಹಳೇಬೀಡಿಂದ ಬೇಲೂರಿಗೆ. ಇದರಲ್ಲಿ ಮುಂದೆ ಬಂದ್ರೆ ರಾಜ್ಯದ ಶಿಬಿರಕ್ಕೆ ಕರೀತಾರೆ ಅಂತ ನಿಮ್ಮ ಸರ್ರೇ ಹೇಳಿದ್ದಾರೆ. ಪೇಟೆಯವರೆಲ್ಲ ನೋಡೋಕೆ ಬರ್ತಾರೆ. ಈಗ ಹೋಗಿ ಬೇಡ ಅನ್ನಲಾ?"

"ಅಪ್ಪ, ನನಗೇನೂ ಆಗಿಲ್ಲ," ಎಂದು ಬ್ರಾಹ್ಮಿ ಎದ್ದು ನಿಂತಳು. ಕಣ್ಣಲ್ಲಿ ನೀರಿತ್ತು, ಸಿಟ್ಟೂ ಇತ್ತು. "ನಿನಗೆ ಆಗಲಿಲ್ಲ ಅಂತ ನನ್ನ ನಿಲ್ಲಿಸೋಕೆ ಬಂದಿದ್ದೀಯಾ ಅಕ್ಕಾ? ಸರ್ ಹೇಳಿದ್ರು, ಭಾನು ಹೀಗೇ ಮಾಡ್ತಾಳೆ ನೋಡು ಅಂತ."

ಆ ಮಾತು ಚುರ್ ಎಂದಿತು. ಸುಳ್ಳಾಗಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. ಬ್ರಾಹ್ಮಿ ಆ ಓಟ ಗೆಲ್ಲುತ್ತಾಳೆ, ತಾನು ರಸ್ತೆ ಬದಿ ನಿಂತಿರುತ್ತೇನೆ ಎಂದು ಅವಳಿಗೆ ಹೊಟ್ಟೆಕಿಚ್ಚು ಇತ್ತು. ಇತ್ತು ಎಂದು ತನಗೆ ತಾನೇ ಒಪ್ಪಿಕೊಂಡಳು. ಆದರೂ ಹೇಳಬೇಕಾದದ್ದನ್ನು ಹೇಳದೆ ಹೋಗುವುದು ಹೇಗೆ?

ಹೊರಡುವಾಗ ಜಿನಮತಿ ಬಾಗಿಲ ತನಕ ಬಂದರು. "ಅವಳು ಹೊರಗೆ ಕೂತೇ ಎಷ್ಟು ತಿಂಗಳಾಯ್ತೋ, ಕೇಳಿದ್ರೆ ಜಗಳಕ್ಕೆ ಬರ್ತಾಳೆ," ಎಂದು ಮೆಲ್ಲಗೆ ಹೇಳಿದರು.

ಭಾನುವಾರ ಹಳೇಬೀಡಿನಲ್ಲಿ, ಬೇಲೂರಿನ ರಸ್ತೆಗೆ ಸುಣ್ಣದ ಗೆರೆ ಎಳೆದು ಶಾಮಿಯಾನ ಹಾಕಿದ್ದರು. ಬೆಳಗಿನ ತಣ್ಣನೆ ಗಾಳಿ ಕೆರೆಯ ಮೇಲಿಂದ ಬೀಸುತ್ತಿತ್ತು. ಅಂಗಡಿಯವರು, ಶಾಲೆಯ ಮಕ್ಕಳು, ಓಡುವವರ ಮನೆಯವರು ಎರಡೂ ಕಡೆ ತುಂಬಿದ್ದರು. ದೇವೀರಪ್ಪ ಸರ್ ಸೀಟಿ ಕುತ್ತಿಗೆಗೆ ಹಾಕಿಕೊಂಡು ತಮ್ಮ ಹುಡುಗಿಯರಿಗೆ ಕೈಕಾಲು ಸಡಿಲ ಮಾಡಿಸುತ್ತಿದ್ದರು. ಭಾನು ಗುಂಪಿನಲ್ಲಿ ನಿಂತು ಬ್ರಾಹ್ಮಿಯ ಎಡಗಾಲನ್ನೇ ನೋಡುತ್ತಿದ್ದಳು. ಬೇರೆಯವರಿಗೆ ಕಾಣದು. ತಿರುಗುವಾಗ ಆ ಕಾಲನ್ನು ಪೂರ್ತಿ ಊರದೆ ಸರಕ್ಕನೆ ಎತ್ತಿಕೊಳ್ಳುತ್ತಿದ್ದಳು. ತಾನೂ ಹೀಗೇ ಮಾಡುತ್ತಿದ್ದೆನಲ್ಲ.

ಗೆರೆಗೆ ಬನ್ನಿ ಎಂದು ಮೈಕಿನಲ್ಲಿ ಕರೆದರು. ಭಾನು ಹಗ್ಗ ದಾಟಿ ರಸ್ತೆಗಿಳಿದಳು. ನೇರ ನಡೆದುಹೋಗಿ ಬ್ರಾಹ್ಮಿಯ ಎದುರು ನಿಂತಳು.

"ಯಾರಮ್ಮ ಅದು, ಸೈಡಿಗೆ ಬಾ," ಎಂದು ಮೈಕು ಕೂಗಿತು.

ದೇವೀರಪ್ಪ ಸರ್ ಓಡಿ ಬಂದರು. "ಏನಿದು? ತಲೆ ಕೆಟ್ಟಿದೆಯಾ ನಿನಗೆ?"

"ಇವಳ ಕಾಲು ನೋಡಿ ಸರ್. ನನ್ನ ಕಾಲು ಇದ್ದ ಹಾಗೇ ಐತೆ."

"ಹುಡುಗಿ ಸರಿಯಾಗಿದ್ದಾಳೆ. ನಿನ್ನ ಹೊಟ್ಟೆಕಿಚ್ಚು ಇಲ್ಲಿ ತೋರಿಸಬೇಡ."

"ಹೊಟ್ಟೆಕಿಚ್ಚು ಐತೆ ಸರ್, ಇಲ್ಲ ಅನ್ನಲ್ಲ." ಭಾನು ಗುಂಪಿನ ಕಡೆ ತಿರುಗಿದಳು. "ಇಲ್ಲಿರೋ ಅಪ್ಪ ಅಮ್ಮಂದಿರೆಲ್ಲ ಕೇಳಿಸ್ಕೊಳ್ಳಿ. ಆ ಕ್ಯಾಂಪಲ್ಲಿ ನಿಮ್ಮ ಮಕ್ಕಳಿಗೆ ಒಂದು ಹನಿ ಎಣ್ಣೆ ಹಾಕಲ್ಲ. ಹಾಲಿಲ್ಲ, ತುಪ್ಪ ಇಲ್ಲ, ಕಾಯಿ ಇಲ್ಲ. ಅರ್ಧ ಹೊಟ್ಟೆ. ನನಗೆ ತಿಂಗಳಾನುಗಟ್ಟಲೆ ಮುಟ್ಟು ನಿಂತಿತ್ತು. ಮೂಳೆ ಸವೆದು ಸವೆದು, ಓಡ್ತಾ ಓಡ್ತಾ ಕಾಲು ಮುರೀತು. ನಿಮ್ಮ ಮಕ್ಕಳನ್ನ ಕೇಳಿ, ಯಾರ್ಯಾರಿಗೆ ಮುಟ್ಟು ನಿಂತಿದೆ ಅಂತ."

ಗುಂಪಿನಿಂದ ಯಾರೋ ಗಂಡಸು, "ಏನ್ ಮಾತು ಇವು, ನಡುರಸ್ತೇಲಿ? ನಾಚಿಕೆ ಬ್ಯಾಡ್ವಾ?" ಎಂದ.

"ನಾಚಿಕೆ ಪಟ್ಕೊಂಡೇ ಕಾಲು ಮುರ್ಕೊಂಡಿದ್ದು ಕಣ್ರೀ," ಎಂದಳು ಭಾನು.

ಸರ್ ಅವಳ ತೋಳು ಹಿಡಿಯಲು ಬಂದರು. ಅವಳು ಕೊಸರಿಕೊಂಡಳು. ಬ್ರಾಹ್ಮಿಯ ಮುಖಕ್ಕೆ ಮುಖ ಕೊಟ್ಟು ನಿಂತು, ಈಗ ಅವಳಿಗೊಬ್ಬಳಿಗೇ ಎಂಬಂತೆ ಹೇಳಿದಳು: "ನಿನ್ನನ್ನ ನಾನು ನಿಲ್ಲಿಸಲ್ಲ. ಕುಂಟೆಬಿಲ್ಲೆ ಆಡೋ ಹಾಗೆ ಆ ಎಡಗಾಲ ಮೇಲೆ ಒಂದೇ ಒಂದ್ಸಲ ನೆಗೆ. ನೋವಾಗಲಿಲ್ಲ ಅಂದ್ರೆ ನಾನೇ ಪಕ್ಕಕ್ಕೆ ಹೋಗ್ತೀನಿ. ಈ ಜನರ ಮುಂದೆ ನಿನ್ನ ಕ್ಷಮೆ ಕೇಳಿ ಹೋಗ್ತೀನಿ."

"ನೆಗೆದು ತೋರಿಸಮ್ಮ, ಬಾಯಿ ಮುಚ್ಚಲಿ ಅವಳು," ಎಂದರು ಸರ್. ಅವರಿಗೂ ನಂಬಿಕೆ ಇತ್ತು.

ಬ್ರಾಹ್ಮಿ ಹಲ್ಲು ಕಚ್ಚಿದಳು. ಬಲಗಾಲು ಮಡಚಿದಳು. ನೆಗೆದಳು. ನೆಲ ಮುಟ್ಟಿದಾಗ ಅವಳ ಬಾಯಿಂದ ಸದ್ದೇ ಬರಲಿಲ್ಲ. ಮುಖದ ಬಣ್ಣವೆಲ್ಲ ಇಳಿದುಹೋಯಿತು, ಕೈ ಗಾಳಿಯಲ್ಲಿ ಆಸರೆ ಹುಡುಕಿತು. ಭಾನು ಹಿಡಿದುಕೊಂಡಳು.

ಹಗ್ಗದಡಿಯಿಂದ ಜಿನಮತಿ ನುಗ್ಗಿ ಬಂದರು. ಗಂಡ ಹಿಂದಿನಿಂದ ಕರೆಯುತ್ತಿದ್ದರೂ ನಿಲ್ಲಲಿಲ್ಲ. ಮಗಳ ತಲೆ ಎದೆಗೊತ್ತಿಕೊಂಡು ದೇವೀರಪ್ಪನವರ ಕಡೆ ತಿರುಗಿದರು.

"ನಮ್ಮಲ್ಲೂ ವ್ರತಕ್ಕೆ ಎಣ್ಣೆ ತುಪ್ಪ ಬಿಡ್ತೀವಿ ಸಾರ್. ನಾನೇ ಎಷ್ಟು ಸಲ ಬಿಟ್ಟಿದ್ದೀನಿ. ಆದ್ರೆ ನಮ್ಮ ಮನಸ್ಸಿಂದ ನಾವು ಬಿಡೋದು ಅದು. ಅದಕ್ಕೊಂದು ದಿನ ಇರುತ್ತೆ, ಆಮೇಲೆ ಪಾರಣೆ ಅಂತ ಊಟ ಇರುತ್ತೆ. ನನ್ನ ಮಗಳಿಗೆ ನೀವು ಹಿಡಿಸಿದ ವ್ರತಕ್ಕೆ ಪಾರಣೆ ಯಾವತ್ತು? ಕಾಲು ಮುರಿದ ಮೇಲಾ?"

ಬ್ರಾಹ್ಮಿ ತನ್ನ ಎದೆಯ ಮೇಲಿನ ನಂಬರಿನ ಪಿನ್ನುಗಳನ್ನು ತಾನೇ ಬಿಚ್ಚಿ, ಆ ಬಟ್ಟೆಯ ಚೂರನ್ನು ದೇವೀರಪ್ಪ ಸರ್ ಕೈಗೆ ಕೊಟ್ಟಳು. ಓಟದ ಸೀಟಿ ಕೇಳಿಸಿತು. ಉಳಿದವರು ಓಡಿದರು. ಶಿಬಿರದ ಹುಡುಗಿಯರಲ್ಲಿ ಇಬ್ಬರು ಓಡದೆ ಗೆರೆಯ ಮೇಲೇ ನಿಂತಿದ್ದರು. ಅವರ ಅಮ್ಮಂದಿರು ಹಗ್ಗದಾಚೆಯಿಂದ ಅವರನ್ನು ಹೆಸರು ಹಿಡಿದು ಕೂಗುತ್ತಿದ್ದರು.

ಬ್ರಾಹ್ಮಿಯನ್ನು ಹಾಸನಕ್ಕೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದರು. ಮೂಳೆಯಲ್ಲಿ ಬಿರುಕು ಶುರುವಾಗಿತ್ತು, ಪೂರ್ತಿ ಬಿಟ್ಟಿರಲಿಲ್ಲ. ಬೇಲೂರಿನ ತನಕ ಓಡಿದ್ದರೆ ಮಧ್ಯದಾರಿಯಲ್ಲೇ ಬೀಳುತ್ತಿದ್ದಳು ಎಂದರು ಡಾಕ್ಟರು. ವಿಮಲನಾಥರು ಆ ಮೇಲೆ ಜಾವಗಲ್‌ಗೆ ಬಂದು ಗಿಡ್ಡಯ್ಯನ ಜಗಲಿಯ ಮೇಲೆ ಕೂತು, ಭಾನುವಿನ ಮುಖ ನೋಡಲಾರದೆ ತೋಟದ ಬಗ್ಗೆಯೇ ಬಹಳ ಹೊತ್ತು ಮಾತಾಡಿ ಹೋದರು. ಅಷ್ಟು ಸಾಕಾಗಿತ್ತು.

ಊರಲ್ಲಿ ಮಾತೇನೂ ಕಡಿಮೆಯಾಗಲಿಲ್ಲ. ನಡುರಸ್ತೆಯಲ್ಲಿ ಮುಟ್ಟಿನ ಮಾತಾಡಿದ ಹುಡುಗಿ ಎಂದು ಬಸ್ಸಿನಲ್ಲಿ ತೋರಿಸಿದರು. ಇನ್ನು ಇವಳನ್ನು ಯಾವ ಶಿಬಿರದವರೂ ಸೇರಿಸುವುದಿಲ್ಲ ಎಂದರು. ಅದು ನಿಜವೂ ಆಯಿತು. ಎರಡು ಕಡೆ ಕೇಳಿದಳು, ಎರಡೂ ಕಡೆ ಜಾಗ ಇಲ್ಲ ಎಂದರು. ಅವಳು ಮುಂಜಾನೆ ಜಾವಗಲ್‌ನ ಹೊರಗಿನ ರಸ್ತೆಯಲ್ಲಿ ಒಬ್ಬಳೇ ನಡೆಯತೊಡಗಿದಳು. ಆಮೇಲೆ ಉಷಾರಾಣಿಯವರು ಹೂಂ ಎಂದ ಮೇಲೆ ಸ್ವಲ್ಪ ಸ್ವಲ್ಪ ಓಡತೊಡಗಿದಳು.

ಮಳೆ ಹಿಡಿದ ಒಂದು ಮಧ್ಯಾಹ್ನ ದೇವೀರಪ್ಪ ಸರ್ ಬೈಕಿನಲ್ಲಿ ಬಂದರು. ಶಿಬಿರದಿಂದ ನಾಲ್ಕಾರು ಹುಡುಗಿಯರು ಬಿಟ್ಟುಹೋಗಿದ್ದರಂತೆ. ವೆಂಕಟಲಕ್ಷ್ಮಮ್ಮ ಕಾಫಿ ಕೊಟ್ಟಳು. ಸರ್ ಲೋಟ ತೆಗೆದುಕೊಂಡರು.

"ನಾನು ಯಾರ ಕಾಲೂ ಮುರೀಬೇಕು ಅಂತ ಮಾಡಲಿಲ್ಲ ಭಾನು."

"ಗೊತ್ತು ಸರ್."

"ವಾಪಸ್ ಬಾ. ನೀನು ಬಂದ್ರೆ ಉಳಿದವರ ಮನೆಯವರಿಗೂ ಧೈರ್ಯ ಬರುತ್ತೆ."

"ಬತ್ತೀನಿ ಸರ್. ಅಡುಗೆಗೆ ಒಗ್ಗರಣೆ ಬೀಳಬೇಕು, ಹಾಲು ಮೊಸರು ಕೊಡಬೇಕು. ಬ್ರಾಹ್ಮಿಯಂಥವರಿಗೆ ಹೊತ್ತು ಮುಳುಗೋ ಮುಂಚೆ ಪೂರ್ತಿ ಊಟ ಆಗಿರಬೇಕು. ನೋವು ಅಂದೋರನ್ನ ಡಾಕ್ಟ್ರಿಗೆ ತೋರಿಸಬೇಕು. ಆ ಗೋಡೆ ಮೇಲಿನ ಬರಹ ಅಳಿಸಬೇಕು."

"ನೀನು ನನಗೆ ಷರತ್ತು ಹಾಕ್ತೀಯಾ?"

"ಹೂಂ ಸರ್."

ಅವರ ಮುಖ ಕೆಂಪಾಯಿತು. ಲೋಟ ಕೆಳಗಿಟ್ಟು ಎದ್ದರು. ಮಳೆಯಲ್ಲೇ ಬೈಕು ಹತ್ತಿ ಹೊರಟುಹೋದರು. ಶಿಬಿರದಲ್ಲಿ ಈಗ ಸಾರಿಗೆ ಒಗ್ಗರಣೆ ಹಾಕುತ್ತಾರಂತೆ, ಹಾಲೂ ಕೊಡುತ್ತಾರಂತೆ ಎಂದು ಆಮೇಲೆ ಅಲ್ಲಿನ ಹುಡುಗಿಯೊಬ್ಬಳು ಹೇಳಿದಳು. ಗೋಡೆಯ ಬರಹ ಹಾಗೇ ಇದೆಯಂತೆ. ಭಾನುವನ್ನು ಕರೆಯಲು ಮತ್ತೆ ಯಾರೂ ಬರಲಿಲ್ಲ. ಅವಳು ಹೋಗಲೂ ಇಲ್ಲ.

ಚಳಿಗಾಲದಲ್ಲಿ ಹಾಸನದಲ್ಲಿ ಜಿಲ್ಲಾ ಮಟ್ಟದ ಓಟ ನಡೆಯಿತು. ಭಾನು ಯಾವ ಶಿಬಿರದ ಬನಿಯನ್ನೂ ಇಲ್ಲದೆ, ಸಂತೆಯಲ್ಲಿ ಕೊಂಡ ಹಳದಿ ಟೀಶರ್ಟು ಹಾಕಿಕೊಂಡು ಗೆರೆಯ ಮೇಲೆ ನಿಂತಳು. ಪಕ್ಕದ ಹುಡುಗಿಯರು ಅವಳ ತೊಡೆ ನೋಡಿ ಪಿಸುಗುಟ್ಟಿದರು. ಅವಳಿಗೆ ಕೇಳಿಸಿತು. ಕೇಳಿಸಲಿ ಎಂದುಕೊಂಡಳು. ಮೊದಲ ಸುತ್ತುಗಳಲ್ಲಿ ಹಿಂದೆ ಉಳಿದಳು, ಮಧ್ಯದಲ್ಲಿ ಒಬ್ಬೊಬ್ಬರನ್ನೇ ದಾಟಿದಳು. ಕೊನೆಯ ತಿರುವಿನಲ್ಲಿ ಉಸಿರು ಹರಿದುಹೋಗುತ್ತಿತ್ತು, ಆದರೆ ಪ್ರತಿ ಹೆಜ್ಜೆಗೂ ಕಾಲಡಿ ನೆಲ ಗಟ್ಟಿಯಾಗಿತ್ತು. ಇಬ್ಬರು ಅವಳಿಗಿಂತ ಮೊದಲು ಗೆರೆ ಮುಟ್ಟಿದರು.

ಬ್ರಾಹ್ಮಿ ಗೆರೆಯಾಚೆ ನೀರಿನ ಬಾಟಲಿ ಹಿಡಿದು ನಿಂತಿದ್ದಳು. ಅವಳಿಗೆ ಓಡಲು ಇನ್ನೂ ಡಾಕ್ಟರ ಒಪ್ಪಿಗೆ ಸಿಕ್ಕಿರಲಿಲ್ಲ. ಮೈ ತುಂಬಿಕೊಂಡು, ಕೆನ್ನೆ ಹೊಳೆಯುತ್ತಿತ್ತು.

"ಮೂರನೇದು ಅಕ್ಕಾ."

"ಗೊತ್ತು ಕಣೇ, ನಾನೇ ತಾನೇ ಓಡಿದ್ದು," ಎಂದಳು ಭಾನು, ಮೊಣಕಾಲ ಮೇಲೆ ಕೈಯೂರಿ ಏದುಸಿರು ಬಿಡುತ್ತ. "ಮುಂದಿನ ಸಲ ನೋಡು."

"ಮುಂದಿನ ಸಲ ನಾನೂ ಇರ್ತೀನಿ. ನಿನ್ನ ಮುಂದೆ ಇರ್ತೀನಿ."

ಭಾನು ಬಾಟಲಿ ಕಿತ್ತುಕೊಂಡು, ಒಂದು ಗುಟುಕು ಕುಡಿದು, ಉಳಿದ ನೀರನ್ನು ಅವಳ ಮುಖಕ್ಕೆ ಎರಚಿದಳು.

"ಬಾರೇ, ನೋಡೇ ಬಿಡೋಣ."